ಹೆಚ್ಚುವರಿ ಪೆಟ್ರೋಲ್: ಮೊದಲು ಲೆಕ್ಕ, ಆಮೇಲೆ ಕ್ಯಾನ್

ಬೇಸಿಗೆ ರಜೆ ಬಂದಿದೆ. ಕಡೂರಿನ ನಾಲ್ವರು ಕಾಲೇಜು ಗೆಳೆಯರು ಎರಡು ಬೈಕುಗಳಲ್ಲಿ ಕೆಮ್ಮಣ್ಣುಗುಂಡಿಗೆ ಹೊರಟಿದ್ದಾರೆ ಎಂದುಕೊಳ್ಳಿ. ಬೀರೂರು ದಾಟಿ, ಅಜ್ಜಂಪುರದ ಅತ್ತೆಯ ಮನೆಯಲ್ಲಿ ತಿಂಡಿ ಮುಗಿಸಿ, ತರೀಕೆರೆಯ ಮೂಲಕ ಘಟ್ಟ ಹತ್ತಬೇಕು. "ಮೇಲೆ ಹೋದ ಮೇಲೆ ಪೆಟ್ರೋಲ್ ಮುಗಿದರೆ ಏನೋ ಮಾಡೋದು?" ಎಂದು ಒಬ್ಬ ಕೇಳುತ್ತಾನೆ. ಇನ್ನೊಬ್ಬ ತಂಪು ಪಾನೀಯದ ಎರಡು ಲೀಟರ್ ಖಾಲಿ ಬಾಟಲಿಗೆ ಪೆಟ್ರೋಲ್ ತುಂಬಿ, ಬಟ್ಟೆಯ ಚೀಲದೊಳಗೆ ತುರುಕಿ, ಬೆನ್ನಿಗೆ ಹಾಕಿಕೊಳ್ಳುತ್ತಾನೆ.

ಮುಂದಾಲೋಚನೆ ಒಳ್ಳೆಯದೇ. ಆದರೆ ಆ ಬಾಟಲಿ ಒಳ್ಳೆಯದಲ್ಲ. ಏಕೆ ಎಂಬುದನ್ನು ವಿಚಾರ ಮಾಡೋಣ.

ಉರಿಯುವುದು ಆವಿ

ಪೆಟ್ರೋಲ್ ಉರಿಯುತ್ತದೆ ಎಂದು ಹೇಳುತ್ತೇವೆ. ನಿಜವಾಗಿ ಉರಿಯುವುದು ಅದರಿಂದ ಏಳುವ ಆವಿ. ಸೀಮೆಎಣ್ಣೆಯನ್ನು ತಟ್ಟೆಗೆ ಸುರಿದು ದೂರದಲ್ಲಿ ಕಡ್ಡಿ ಗೀರಿದರೆ ಅದು ಸುಲಭವಾಗಿ ಹೊತ್ತಿಕೊಳ್ಳದು. ಹೊತ್ತಿಕೊಳ್ಳುವಷ್ಟು ಆವಿ ಬರಬೇಕಾದರೆ ಅದು 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಬೇಕು. ಪೆಟ್ರೋಲಿನ ಸ್ವಭಾವ ಬೇರೆ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಕೊರೆಯುವ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೀಗಿರುವಾಗ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಹೇಗಿರಬಹುದೆಂದು ನೀವೇ ಊಹಿಸಿ.

ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದ್ದರಿಂದ ಅದು ಮೇಲಕ್ಕೆ ಹಾರಿಹೋಗದೆ ನೀರಿನಂತೆ ನೆಲದ ಮೇಲೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 1.4ರಷ್ಟಾದರೆ ಸಾಕು, ಒಂದು ಕಿಡಿಗೆ ಇಡೀ ಮಿಶ್ರಣ ಭಗ್ಗೆನ್ನುತ್ತದೆ. ಒಂದು ಲೋಟ ಪೆಟ್ರೋಲ್ ಪೂರ್ತಿ ಆವಿಯಾದರೆ ಸಣ್ಣ ಬಚ್ಚಲುಮನೆಯ ಗಾಳಿಯನ್ನೆಲ್ಲ ಈ ಸ್ಥಿತಿಗೆ ತರಬಲ್ಲದು. ಅಡಿಕೆ ತೋಟದ ಕಳೆ ಕತ್ತರಿಸುವ ಯಂತ್ರಕ್ಕೆಂದು ತಂದ ಪೆಟ್ರೋಲನ್ನು ಹಂಡೆಯ ಒಲೆಯ ಪಕ್ಕದ ಮೂಲೆಯಲ್ಲಿ ಇಡುವ ಮನೆಗಳಲ್ಲಿ ಈ ಮಾತನ್ನು ಅಗತ್ಯವಾಗಿ ಹೇಳಿ. ಒಲೆ ನಾಲ್ಕು ಮಾರು ದೂರವಿದ್ದರೂ ಆವಿ ಅಲ್ಲಿಗೆ ತಾನೇ ನಡೆದು ಹೋಗುತ್ತದೆ.

ಈಗ ಆ ಬಾಟಲಿಯನ್ನು ನೋಡಿ. ಅದರ ಗೋಡೆ ತೆಳು. ಮುಚ್ಚಳ ಪೆಟ್ರೋಲ್ ಆವಿಯ ಒತ್ತಡಕ್ಕಾಗಿ ಮಾಡಿದ್ದಲ್ಲ. ಬೈಕು ಜಾರಿ ಬಿದ್ದರೆ ಮೊದಲು ನೆಲಕ್ಕೆ ಬಡಿಯುವುದು ಬೆನ್ನಿನ ಚೀಲವೇ. ಒಡೆದರೆ ಬಟ್ಟೆಯೆಲ್ಲ ಪೆಟ್ರೋಲಿನಲ್ಲಿ ನೆನೆಯುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ. ಇನ್ನೂ ಒಂದು ಅಪಾಯವುಂಟು: ಪಾನೀಯದ ಬಾಟಲಿಯಲ್ಲಿರುವುದನ್ನು ಮನೆಯ ಮಗು ಪಾನೀಯವೆಂದೇ ತಿಳಿಯುತ್ತದೆ.

ಟ್ಯಾಂಕಿನೊಳಗೇ ಇರುವ ಹೆಚ್ಚುವರಿ

ಹಾಗಾದರೆ ಆ ಗೆಳೆಯರಿಗೆ ನಿಜವಾಗಿ ಹೆಚ್ಚುವರಿ ಪೆಟ್ರೋಲ್ ಬೇಕಿತ್ತೇ? ಕಾಗದ ಪೆನ್ನು ತೆಗೆದುಕೊಳ್ಳಿ. ಕಡೂರು, ಅಜ್ಜಂಪುರ, ತರೀಕೆರೆ ಈ ಮೂರರಲ್ಲಿ ಯಾವ ಎರಡು ಊರುಗಳ ನಡುವೆಯೂ 50 ಕಿಲೋಮೀಟರ್ ಇಲ್ಲ. ಮೂರು ಊರುಗಳಲ್ಲೂ ಪೆಟ್ರೋಲ್ ಬಂಕುಗಳಿವೆ. ಕೆಮ್ಮಣ್ಣುಗುಂಡಿ ಸೇರಿಸಿಕೊಂಡು ಒಂದು ಸುತ್ತು ಹಾಕಿ ಕಡೂರಿಗೆ ಮರಳಿದರೂ ಒಟ್ಟು ದಾರಿ 200 ಕಿಲೋಮೀಟರ್ ಮೀರುವುದಿಲ್ಲ. ಬೈಕಿನ ಟ್ಯಾಂಕು 10 ಲೀಟರಿನದು, ಲೀಟರಿಗೆ 45 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಘಟ್ಟ, ಇಬ್ಬರು ಸವಾರರು, ಎದುರುಗಾಳಿ ಎಂದೆಲ್ಲ ಕಳೆದು 35 ಎಂದೇ ಹಿಡಿಯಿರಿ. ಆಗಲೂ 350 ಕಿಲೋಮೀಟರ್ ಓಡಬಹುದು. ಹೊರಡುವಾಗ ಟ್ಯಾಂಕು ತುಂಬಿಸಿದ್ದರೆ ಬಾಟಲಿಯ ಮಾತೇ ಬರುತ್ತಿರಲಿಲ್ಲ.

ಅದಲ್ಲದೆ, ಬೈಕು ತಯಾರಿಸಿದವರೇ ಸ್ವಲ್ಪ ಹೆಚ್ಚುವರಿಯನ್ನು ಟ್ಯಾಂಕಿನೊಳಗೆ ಇಟ್ಟಿರುತ್ತಾರೆ. ಕಾರ್ಬ್ಯುರೇಟರ್ ಇರುವ ಹಳೆಯ ಬೈಕಿನ ಪೆಟ್ರೋಲ್ ನಲ್ಲಿಗೆ 'ರಿಸರ್ವ್' ಎಂಬ ಸ್ಥಾನವಿದೆ. ಇದರ ಗುಟ್ಟು ಸರಳ. ಟ್ಯಾಂಕಿನ ತಳದಲ್ಲಿ ಎರಡು ದ್ವಾರಗಳಿರುತ್ತವೆ. ಒಂದಕ್ಕೆ ಎತ್ತರದ ಕೊಳವೆ ಇದೆ, ಇನ್ನೊಂದು ತಳಕ್ಕೆ ಸಮೀಪದಲ್ಲಿದೆ. ಪೆಟ್ರೋಲ್ ಎತ್ತರದ ಕೊಳವೆಯ ಬಾಯಿಗಿಂತ ಕೆಳಗಿಳಿದಾಗ ಎಂಜಿನ್ ಮಿಸುಕಾಡುತ್ತದೆ. ನಲ್ಲಿ ತಿರುಗಿಸಿದರೆ ಕೆಳಗಿನ ದ್ವಾರದಿಂದ ಉಳಿದದ್ದು ಬರುತ್ತದೆ. ಅದು ಒಂದೂವರೆ ಲೀಟರ್ ಇದ್ದರೆ ಇನ್ನೂ 50 ಕಿಲೋಮೀಟರ್ ಧೈರ್ಯ. ಈಗಿನ ಇಂಜೆಕ್ಷನ್ ಬೈಕುಗಳಲ್ಲಿ ಈ ನಲ್ಲಿಯ ಬದಲು ಎಚ್ಚರಿಕೆ ದೀಪ ಇರುತ್ತದೆ. ದೀಪ ಹೊತ್ತಿದ ಮೇಲೆ ಎಷ್ಟು ದೂರ ಹೋಗಬಹುದೆಂದು ಬೈಕಿನ ಕೈಪಿಡಿ ನೋಡಿ ತಿಳಿದುಕೊಂಡಿರಿ.

ಕ್ಯಾನ್ ನಿಜವಾಗಿ ಬೇಕಾದಾಗ

ಲೆಕ್ಕವೇ 'ಸಾಲದು' ಎಂದು ಹೇಳುವ ದಾರಿಗಳೂ ಇವೆ. ಮನಾಲಿಯಿಂದ ಲೇಹ್‌ಗೆ ಹೋಗುವ ಹಿಮಾಲಯದ ರಸ್ತೆಯಲ್ಲಿ ತಾಂಡಿ ಎಂಬಲ್ಲಿ ಒಂದು ಬಂಕ್ ಇದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ ಅಲ್ಲಿನ ಫಲಕ ಬಹಳ ವರ್ಷ ಸವಾರರ ನಡುವೆ ಪ್ರಸಿದ್ಧವಾಗಿತ್ತು. ಅಂಥ ಕಡೆ ಕ್ಯಾನ್ ಒಯ್ಯುವುದು ವಿವೇಕವೇ. ಆದರೆ ಎಂಥ ಕ್ಯಾನ್?

ಇದಕ್ಕೆ ಉತ್ತರ ಕೊಟ್ಟದ್ದು ಯುದ್ಧ. 1930ರ ದಶಕದ ಕೊನೆಯಲ್ಲಿ ಜರ್ಮನ್ ಸೇನೆ 20 ಲೀಟರಿನ ಒಂದು ಉಕ್ಕಿನ ಕ್ಯಾನ್ ಮಾಡಿಸಿತು. ಎರಡು ಅಚ್ಚೊತ್ತಿದ ಭಾಗಗಳನ್ನು ಸೇರಿಸಿ ಬೆಸುಗೆ ಹಾಕಿದ ಗಟ್ಟಿ ಮೈ, ಮೂರು ಹಿಡಿಗಳು, ಒತ್ತಿ ಬಿಗಿಯುವ ಮುಚ್ಚಳ, ಆವಿ ಹಿಗ್ಗಲು ಮೇಲ್ಗಡೆ ಖಾಲಿ ಜಾಗ. ಆಗ ಬ್ರಿಟಿಷ್ ಸೇನೆ ಬಳಸುತ್ತಿದ್ದ ತೆಳು ತಗಡಿನ ಡಬ್ಬಿಗಳು ಆಫ್ರಿಕದ ಮರುಭೂಮಿಯಲ್ಲಿ ಸೋರಿ ಸೋರಿ ಪೆಟ್ರೋಲನ್ನು ಮರಳಿಗೆ ಕುಡಿಸುತ್ತಿದ್ದವು. ಬ್ರಿಟಿಷರು ಶತ್ರುವಿನ ಕ್ಯಾನನ್ನೇ ನಕಲು ಮಾಡಿದರು. ಜರ್ಮನರನ್ನು ಅವರು 'ಜೆರ್ರಿ' ಎಂದು ಕರೆಯುತ್ತಿದ್ದುದರಿಂದ 'ಜೆರ್ರಿಕ್ಯಾನ್' ಎಂಬ ಹೆಸರು ಬಂತು. ಸ್ವಾರಸ್ಯವೆಂದರೆ, 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ ಜರ್ಮನಿಯಿಂದ ಭಾರತಕ್ಕೆ ರಸ್ತೆಯಲ್ಲೇ ಬಂದಾಗ ಅವರ ಗಾಡಿಯಲ್ಲಿ ನೀರಿಗಾಗಿ ಇಂಥ ಮೂರು ಕ್ಯಾನ್‌ಗಳಿದ್ದವು.

ನಮ್ಮ ಕಾನೂನೂ ಇದೇ ಜಾಡಿನಲ್ಲಿದೆ. 1934ರ ಪೆಟ್ರೋಲಿಯಂ ಕಾಯಿದೆಯ 8ನೆಯ ಕಲಮಿನಂತೆ, ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರಿನವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿರಬೇಕು. ಲೋಹದ ಪಾತ್ರೆಯಾದರೆ 25 ಲೀಟರ್, ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್ ಮೀರಬಾರದು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಹೆಸರೇ ಇಲ್ಲ. ಬಂಕಿನವರು ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದರೆ ಅವರ ಮೇಲೆ ರೇಗಬೇಡಿ.

ತುಂಬುವಾಗ, ಒಯ್ಯುವಾಗ, ಸುರಿಯುವಾಗ

ತುಂಬುವಾಗ ಕ್ಯಾನನ್ನು ಬೈಕಿನ ಸೀಟಿನ ಮೇಲಿಡದೆ ನೆಲದ ಮೇಲಿಡಿ, ನಳಿಕೆಯ ತುದಿ ಕ್ಯಾನಿನ ಬಾಯಿಗೆ ತಾಗಿರಲಿ. ಪೆಟ್ರೋಲ್ ಹರಿಯುವಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಚಳಿಗಾಲದಲ್ಲಿ ಉಣ್ಣೆಯ ಅಂಗಿ ಕಳಚುವಾಗ ಚಟಪಟ ಎನ್ನುವುದೂ ಇದೇ. ಲೋಹದ ಕ್ಯಾನ್ ನೆಲ ಮುಟ್ಟಿದ್ದರೆ ಆ ವಿದ್ಯುತ್ತು ಕಿಡಿಯಾಗದೆ ಇಳಿದುಹೋಗುತ್ತದೆ.

ಕಂಠಮಟ್ಟ ತುಂಬಬೇಡಿ. ಉಷ್ಣತೆ 10 ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಶೇಕಡಾ 1ರಷ್ಟು ಹಿಗ್ಗುತ್ತದೆ. ಬಂಕಿನ ನೆಲದೊಳಗಿನ ತಂಪಿನಿಂದ ಬಂದ 5 ಲೀಟರ್, ಬಿಸಿಲಿನಲ್ಲಿ 20 ಡಿಗ್ರಿ ಕಾದರೆ 100 ಮಿಲಿಲೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ಮುಚ್ಚಳದ ಸಂದಿಯಿಂದ ಹೊರಗೆ ಬರುತ್ತದೆ. ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ.

ಒಯ್ಯುವಾಗ ಕ್ಯಾನ್ ಬೆನ್ನ ಮೇಲೂ ಬೇಡ, ಹಿಂದೆ ಕುಳಿತವರ ತೊಡೆಯ ಮೇಲೂ ಬೇಡ. ಬೈಕಿನ ಪಕ್ಕದ ಗಟ್ಟಿ ಚೌಕಟ್ಟಿಗೆ, ಸೈಲೆನ್ಸರ್ ಇಲ್ಲದ ಬದಿಯಲ್ಲಿ, ಆದಷ್ಟು ಕೆಳಗೆ ಬಿಗಿಯಿರಿ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಅಂದರೆ 5 ಲೀಟರಿಗೆ 3.7 ಕಿಲೋ. ಆ ಭಾರ ಮೇಲಿದ್ದಷ್ಟೂ ತಿರುವಿನಲ್ಲಿ ಬೈಕು ಓಲಾಡುತ್ತದೆ.

ಟ್ಯಾಂಕಿಗೆ ಸುರಿಯುವ ಮುನ್ನ ಎಂಜಿನ್ ನಿಲ್ಲಿಸಿ, ಸೈಲೆನ್ಸರ್ ಆರಲು ಬಿಡಿ. ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ, ಒಳಗಿನ ಒತ್ತಡ ಹೊರಹೋಗಲಿ. ಆಲಿಕೆ ಬಳಸಿ. ಬೀಡಿ ಸಿಗರೇಟು ಸೇದುವವರನ್ನು ದೂರ ಕಳಿಸಿ. ಖಾಲಿಯಾದ ಕ್ಯಾನಿನ ಮುಚ್ಚಳವನ್ನು ಮರೆಯದೆ ಬಿಗಿಯಿರಿ, ಏಕೆಂದರೆ ಖಾಲಿ ಕ್ಯಾನಿನ ತುಂಬ ಆವಿಯೇ ಇರುತ್ತದೆ. ಉಳಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಕೂಡಿಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಅದು ತೇವವನ್ನು ಹೀರಿಕೊಳ್ಳುತ್ತದೆ.

ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ನೀರಿಗಿಂತ ಹಗುರವಾದ ಪೆಟ್ರೋಲ್ ತೇಲುತ್ತಾ ಬೆಂಕಿಯನ್ನು ಹರಡುತ್ತದೆ. ಸಣ್ಣ ಬೆಂಕಿಯಾದರೆ ಮಣ್ಣು ಮರಳು ಎರಚಿ, ದೊಡ್ಡದಾದರೆ ಬೈಕು ಹೋಗಲಿ ಎಂದು ದೂರ ಓಡಿ.

ಎರಡು ತಪ್ಪುಗಳು

ದಾರಿಯಲ್ಲಿ ಪೆಟ್ರೋಲ್ ಮುಗಿದಾಗ ಇನ್ನೊಂದು ಬೈಕಿನ ಟ್ಯಾಂಕಿಗೆ ಕೊಳವೆ ಇಳಿಸಿ ಬಾಯಿಂದ ಎಳೆಯುವುದನ್ನು ನೀವು ನೋಡಿರಬಹುದು. ಇದನ್ನು ಎಂದಿಗೂ ಮಾಡಬೇಡಿ. ಒಂದು ಗುಟುಕು ಶ್ವಾಸನಾಳಕ್ಕೆ ಹೋದರೂ ಪೆಟ್ರೋಲ್ ಶ್ವಾಸಕೋಶದಲ್ಲಿ ಹರಡಿ ನ್ಯುಮೋನಿಯ ತರುತ್ತದೆ, ಪ್ರಾಣಕ್ಕೂ ಕುತ್ತಾಗಬಹುದು. ಯಾರಾದರೂ ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಅದು ಮತ್ತೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡನೆಯದು, ಬಸ್ಸು ರೈಲಿನಲ್ಲಿ ಪೆಟ್ರೋಲ್ ಒಯ್ಯುವುದು. ಬೀರೂರು ಜಂಕ್ಷನ್ನಿನಿಂದ ಬೈಕನ್ನೇ ರೈಲಿಗೆ ಹಾಕುವುದಾದರೂ ಮೊದಲು ಟ್ಯಾಂಕು ಖಾಲಿ ಮಾಡಬೇಕು. ಕಾನೂನು ಮೀರಿ ಅಪಾಯಕಾರಿ ವಸ್ತುವನ್ನು ರೈಲಿನಲ್ಲಿ ಸಾಗಿಸಿದವರಿಗೆ 1989ರ ರೈಲ್ವೆ ಕಾಯಿದೆಯ 164ನೆಯ ಕಲಮು ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಓಡುವ ಬೋಗಿಯಲ್ಲಿ ಬೆಂಕಿ ಹತ್ತಿದರೆ ಓಡಿಹೋಗಲು ಯಾರಿಗೂ ದಾರಿಯಿಲ್ಲ ಎಂಬುದೇ ಈ ಕಠಿಣ ನಿಯಮದ ಹಿಂದಿನ ಕಾರಣ.

ನಿಮಗೊಂದು ಕೆಲಸ

ನಿಮ್ಮ ಮನೆಯ ಬೈಕಿನ ಟ್ಯಾಂಕು ಎಷ್ಟು ಲೀಟರಿನದು? ರಿಸರ್ವ್ ಎಷ್ಟು? ಒಮ್ಮೆ ಟ್ಯಾಂಕು ಪೂರ್ತಿ ತುಂಬಿಸಿ ಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ತುಂಬಿಸಿದಾಗ ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ನಿಮ್ಮ ಬೈಕಿನ ನಿಜವಾದ ಮೈಲೇಜು ಸಿಗುತ್ತದೆ. ಆ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಪ್ರವಾಸದ ದಾರಿಯನ್ನು ಅಳೆಯಿರಿ. ಹತ್ತರಲ್ಲಿ ಒಂಬತ್ತು ಸಲ ಲೆಕ್ಕ ಹೇಳುವುದು ಇಷ್ಟೇ: ಕ್ಯಾನ್ ಬೇಡ, ತರೀಕೆರೆಯಲ್ಲಿ ಟ್ಯಾಂಕು ತುಂಬಿಸಿ ಘಟ್ಟ ಹತ್ತಿ.