ಕಸ ಸಾಗಣೆ ವಾಹನದ ಎಂಜಿನ್ ನಿಯಂತ್ರಣ ಘಟಕ: ಬದಲಾವಣೆಗೆ ಅನುಮೋದನೆ ನೀಡುವ ಮುನ್ನ



ಸ್ವಚ್ಛ ವಾಹಿನಿಯು ಒಂದು ವಾರ ನಿಂತರೆ ಗ್ರಾಮದಲ್ಲಿ ಏನಾಗುತ್ತದೆಂಬುದು ತಮಗೆ ತಿಳಿದೇ ಇದೆ. ಮನೆಗಳಲ್ಲಿ ಬೇರ್ಪಡಿಸಿಟ್ಟ ಒಣ ಕಸ ಮತ್ತೆ ರಸ್ತೆ ಬದಿಗೆ ಬರುತ್ತದೆ. ವಾಹನವನ್ನು ನಡೆಸುವ ಸ್ವಸಹಾಯ ಸಂಘದ ಮಹಿಳೆಯರ ಕೆಲಸ ನಿಲ್ಲುತ್ತದೆ. ಇಂತಹ ಸಂದರ್ಭದಲ್ಲಿ "ಇಸಿಯು ಕೆಟ್ಟಿದೆ, ಬದಲಿಸಬೇಕು" ಎಂಬ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ, ಅವಸರದಲ್ಲಿ ಅನುಮೋದನೆ ನೀಡುವುದು ಸಹಜ. ಈ ಘಟಕವು ವಾಹನದ ದುಬಾರಿ ಬಿಡಿಭಾಗಗಳಲ್ಲಿ ಒಂದು. ಆದುದರಿಂದ ಅದರ ಕಾರ್ಯವಿಧಾನ ಹಾಗೂ ಬದಲಾವಣೆಗೆ ಮುನ್ನ ನಡೆಯಬೇಕಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಲಾಗಿದೆ.

ಇಸಿಯು ಎಂದರೇನು?

ಇದು ಎಂಜಿನ್‌ನ ಕಂಪ್ಯೂಟರ್. ಲೋಹದ ಚಿಕ್ಕ ಪೆಟ್ಟಿಗೆಯೊಳಗೆ ಒಂದು ಸರ್ಕ್ಯೂಟ್ ಹಲಗೆ ಇರುತ್ತದೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಬಿಸಿಯಾಗಿದೆ, ಚಾಲಕರು ಪೆಡಲನ್ನು ಎಷ್ಟು ಒತ್ತಿದ್ದಾರೆ ಎಂಬುದನ್ನು ಸೆನ್ಸರ್‌ಗಳು ಅದಕ್ಕೆ ತಿಳಿಸುತ್ತವೆ. ಆ ಮಾಹಿತಿಯ ಆಧಾರದ ಮೇಲೆ ಪ್ರತಿ ಸಿಲಿಂಡರಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ ಸಿಂಪಡಿಸಬೇಕೆಂದು ಅದು ನಿರ್ಧರಿಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆ ಶುದ್ಧೀಕರಣ ವ್ಯವಸ್ಥೆಯ ನಿಯಂತ್ರಣವೂ ಇದರ ಹೊಣೆಯೇ ಆಗಿದೆ.

ಎಂಜಿನ್ ದೀಪ ಆರದಿರುವುದು, ಬಿಸಿಯಾದಾಗ ಎಂಜಿನ್ ತಾನಾಗಿ ನಿಲ್ಲುವುದು, ಸ್ಟಾರ್ಟ್ ಆಗದಿರುವುದು, ಎಳೆತ ಕುಗ್ಗುವುದು ಇಸಿಯು ಕೆಟ್ಟಾಗ ಕಾಣುವ ಲಕ್ಷಣಗಳು. ಆದರೆ ಬ್ಯಾಟರಿ ದುರ್ಬಲವಾದಾಗ, ತಂತಿ ತುಂಡಾದಾಗ, ಒಂದು ಸೆನ್ಸರ್ ಹಾಳಾದಾಗಲೂ ಇವೇ ಲಕ್ಷಣಗಳು ಕಾಣುತ್ತವೆ. ಲಕ್ಷಣವನ್ನು ಮಾತ್ರ ನೋಡಿ ಪೆಟ್ಟಿಗೆಯನ್ನು ಬದಲಿಸುವುದು ತಪ್ಪು.

ನಾನು ಮಾಡಿದ ತಪ್ಪು

ಈ ಹಿಂದೆ ನಾನು ಕಾರ್ಯನಿರ್ವಹಿಸಿದ ಪಂಚಾಯತಿಯೊಂದರಲ್ಲಿ ವಾಹನ ಪದೇ ಪದೇ ನಿಲ್ಲುತ್ತಿತ್ತು. ಕಾರ್ಯಾಗಾರದವರು ಇಸಿಯು ಬದಲಿಸಬೇಕೆಂದರು. ಎಂಜಿನಿಯರಿಂಗ್ ಪದವೀಧರನಾಗಿದ್ದರೂ ಯಾವ ಅಳತೆಯ ಆಧಾರದ ಮೇಲೆ ಹಾಗೆ ಹೇಳುತ್ತಿದ್ದಾರೆಂದು ನಾನು ಕೇಳಲಿಲ್ಲ. ಬಿಲ್ಲಿಗೆ ಸಹಿ ಮಾಡಿದೆ. ಒಂಬತ್ತನೆಯ ದಿನ ವಾಹನ ಮತ್ತೆ ನಿಂತಿತು. ಬೇರೊಬ್ಬ ಮೆಕ್ಯಾನಿಕ್ ಬಂದು, ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಋಣ ತುದಿಗೂ ಚಾಸಿಗೂ ನಡುವೆ ಅಳೆದಾಗ 1.8 ವೋಲ್ಟ್ ತೋರಿಸಿತು. ಕಸದ ನೀರು ಸೋರಿ ಅರ್ತ್ ಕೇಬಲ್ಲಿನ ಬೋಲ್ಟು ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ, ಹೊಸ ಕೇಬಲ್ ಹಾಕಿದ ಮೇಲೆ ತೊಂದರೆ ಮರುಕಳಿಸಲಿಲ್ಲ. "ಸ್ಟಾರ್ಟ್ ಮಾಡುವಾಗ ಮೀಟರಿನ ದೀಪ ಮಂಕಾಗುತ್ತದೆ ಸರ್" ಎಂದು ನಮ್ಮ ಚಾಲಕಿ ಮೊದಲೇ ಹೇಳಿದ್ದರು. ಅದನ್ನು ನಾನು ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಹಳೆಯ ಪೆಟ್ಟಿಗೆ ನಿಜವಾಗಿ ಕೆಟ್ಟಿತ್ತೇ ಎಂದು ಪರೀಕ್ಷಿಸಲು ದಾರಿಯೂ ಉಳಿದಿರಲಿಲ್ಲ. ಅದನ್ನು ಕಾರ್ಯಾಗಾರದಲ್ಲಿಯೇ ಬಿಟ್ಟು ಬಂದಿದ್ದೆವು.

ಬದಲಾವಣೆಗೆ ಮುನ್ನ ಐದು ಪರೀಕ್ಷೆಗಳು

1. ದೋಷ ಸಂಕೇತ: ಸ್ಟಿಯರಿಂಗ್ ಕೆಳಭಾಗದಲ್ಲಿರುವ 16 ಪಿನ್ನುಗಳ ಒಬಿಡಿ ಕಿಂಡಿಗೆ ಸ್ಕ್ಯಾನರ್ ಜೋಡಿಸಿ, ಸಂಕೇತಗಳನ್ನು ಅಳಿಸುವ ಮೊದಲು ಬರೆದುಕೊಳ್ಳಬೇಕು. ಪಿ0606 ಎಂಬುದು ಇಸಿಯು ಒಳಗಿನ ಪ್ರೊಸೆಸರ್ ದೋಷವನ್ನೂ, ಪಿ0562 ವಿದ್ಯುತ್ ಒತ್ತಡದ ಕೊರತೆಯನ್ನೂ, ಪಿ0335 ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನ ಸರ್ಕ್ಯೂಟ್ ದೋಷವನ್ನೂ ಸೂಚಿಸುತ್ತದೆ. ಸಂಕೇತವು ದೋಷವನ್ನು ಎಲ್ಲಿ ಹುಡುಕಬೇಕೆಂದು ತಿಳಿಸುತ್ತದೆಯೇ ಹೊರತು ಯಾವ ಬಿಡಿಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ.

2. ಬ್ಯಾಟರಿ: 12 ವೋಲ್ಟಿನ ವಾಹನದಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟ್ ಮಾಡುವಾಗ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು.

3. ಅರ್ತ್: ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ ಬ್ಲಾಕಿಗೂ, ಹಾಗೆಯೇ ಚಾಸಿಗೂ ನಡುವೆ ಅಳೆಯಬೇಕು. ಅರ್ಧ ವೋಲ್ಟ್ ಮೀರಿದರೆ ಮೊದಲು ಕೇಬಲ್ ಸರಿಪಡಿಸತಕ್ಕದ್ದು. ಫ್ಯೂಸ್ ಮತ್ತು ರಿಲೇ ಮೂಲಕ ಪೂರ್ಣ ವಿದ್ಯುತ್ ಇಸಿಯು ಪ್ಲಗ್‌ವರೆಗೆ ತಲುಪುತ್ತಿದೆಯೇ ಎಂಬುದನ್ನೂ ನೋಡಬೇಕು.

4. ಸೆನ್ಸರ್: ಇಸಿಯು ಹಲವು ಸೆನ್ಸರ್‌ಗಳಿಗೆ 5 ವೋಲ್ಟ್ ಪೂರೈಸುತ್ತದೆ. ಆ 5 ವೋಲ್ಟ್ ಕುಸಿದಿದ್ದರೆ ಸೆನ್ಸರ್‌ಗಳ ಪ್ಲಗ್‌ಗಳನ್ನು ಒಂದೊಂದಾಗಿ ಬಿಡಿಸಬೇಕು. ಯಾವುದನ್ನು ಬಿಡಿಸಿದಾಗ ಅದು ಮರಳುತ್ತದೆಯೋ ದೋಷ ಆ ಸೆನ್ಸರಿನಲ್ಲಿ ಅಥವಾ ಅದರ ತಂತಿಯಲ್ಲಿದೆ, ಪೆಟ್ಟಿಗೆಯಲ್ಲಿ ಅಲ್ಲ.

5. ಸಂಪರ್ಕ ಜಾಲ: ಸ್ಕ್ಯಾನರಿಗೆ ಇಸಿಯು ಉತ್ತರಿಸದಿದ್ದಲ್ಲಿ, ಬ್ಯಾಟರಿ ಬಿಡಿಸಿ ಒಬಿಡಿ ಕಿಂಡಿಯ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆಯಬೇಕು. ಸಾಮಾನ್ಯವಾಗಿ 60 ಓಮ್ ಇರುತ್ತದೆ. 120 ಓಮ್ ಬಂದರೆ ಜಾಲದ ಒಂದು ಕಡೆ ಸಂಪರ್ಕ ಕಡಿದಿರುವ ಸಾಧ್ಯತೆ ಇದೆ. ಇಲಿ ಕಡಿದ ತಂತಿ ನಮ್ಮ ಶೆಡ್ಡುಗಳಲ್ಲಿ ಅಪರೂಪವಲ್ಲ.

ಈ ಐದೂ ಸರಿಯಿದ್ದು ಇಸಿಯು ತನ್ನ ಕೆಲಸ ಮಾಡದಿದ್ದರೆ ಅದನ್ನು ಶಂಕಿಸಲು ಆಧಾರವಿದೆ.

ಬದಲಿಸಲೇಬೇಕಾದಾಗ

ಹೊಸ ಇಸಿಯು ಬಲ್ಬಿನಂತೆ ಜೋಡಿಸಿದ ಕೂಡಲೇ ಕೆಲಸ ಮಾಡುವ ವಸ್ತುವಲ್ಲ. ಅದರ ಬಿಡಿಭಾಗ ಸಂಖ್ಯೆ ಆ ಎಂಜಿನಿಗೆ ಹೊಂದಬೇಕು. ಅದರೊಳಗೆ ಸರಿಯಾದ ಸಾಫ್ಟ್‌ವೇರ್, 17 ಅಕ್ಷರ-ಅಂಕಿಗಳ ವಾಹನ ಗುರುತಿನ ಸಂಖ್ಯೆ ಮತ್ತು ಅಗತ್ಯವಿರುವ ವಾಹನಗಳಲ್ಲಿ ಪ್ರತಿ ಇಂಜೆಕ್ಟರಿನ ಸಂಕೇತವನ್ನು ದಾಖಲಿಸಬೇಕು. ಇಮ್ಮೊಬಿಲೈಸರ್ ಇದ್ದಲ್ಲಿ ಕೀಲಿಯನ್ನೂ ಹೊಸದಾಗಿ ಪರಿಚಯಿಸಬೇಕು. ಈ ಕಾರ್ಯದ ವೇಳೆ ಬ್ಯಾಟರಿ ಒತ್ತಡ ಕುಸಿದರೆ ಹೊಸ ಪೆಟ್ಟಿಗೆಯೇ ನಿಷ್ಕ್ರಿಯವಾಗಬಹುದಾದ ಕಾರಣ ಸ್ಥಿರ ಚಾರ್ಜರ್ ಜೋಡಿಸಿರಬೇಕು.

ಬಳಸಿದ ಇಸಿಯು ಕಡಿಮೆ ಬೆಲೆಗೆ ದೊರೆಯಬಹುದು. ಬೇರೆ ವಾಹನದ ಕೀಲಿಗೆ ಬಂಧಿತವಾಗಿದ್ದರೆ ಅಥವಾ ಬೇರೆ ಎಂಜಿನಿನ ಸಾಫ್ಟ್‌ವೇರ್ ಹೊಂದಿದ್ದರೆ ಅದು ನಮಗೆ ಉಪಯೋಗಕ್ಕೆ ಬಾರದು. ಕೆಲವು ದೋಷಗಳನ್ನು ಹಲಗೆಯ ಮಟ್ಟದಲ್ಲಿ ದುರಸ್ತಿ ಮಾಡಬಹುದು. ಹಾಗಾದಲ್ಲಿ ಹಳೆಯ ದತ್ತಾಂಶವೂ ಉಳಿಯುತ್ತದೆ. ಹೊಗೆ ಶುದ್ಧೀಕರಣ ವ್ಯವಸ್ಥೆಯನ್ನು ಸಾಫ್ಟ್‌ವೇರಿನಿಂದ ತೆಗೆದುಹಾಕುವ ಸಲಹೆ ಬಂದರೆ ಒಪ್ಪತಕ್ಕದ್ದಲ್ಲ.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಚಾಲ್ತಿಯಲ್ಲಿರುವ ಆದೇಶಗಳಂತೆ ನಡೆಯಬೇಕು. ವಾಹನವು ವಾರಂಟಿ ಅವಧಿಯಲ್ಲಿದೆಯೇ ಎಂಬುದನ್ನು ಮೊದಲು ಪರಿಶೀಲಿಸಿ, ಹಳೆಯ ಮತ್ತು ಹೊಸ ಘಟಕಗಳ ಕ್ರಮಸಂಖ್ಯೆಗಳನ್ನು ಕಡತದಲ್ಲಿ ದಾಖಲಿಸಬೇಕು. ಹಳೆಯ ಘಟಕವನ್ನು ಮರಳಿ ಪಡೆದು ದಾಸ್ತಾನು ವಹಿಯಲ್ಲಿ ನಮೂದಿಸಬೇಕು.

ಕೆಡದಂತೆ ಕಾಪಾಡುವುದು

ಕಸದ ಪೆಟ್ಟಿಗೆಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯನ್ನೂ ಇಸಿಯು ಪ್ಲಗ್ಗನ್ನೂ ಬಿಡಿಸಬೇಕು. ವೆಲ್ಡಿಂಗ್ ಯಂತ್ರದ ಅರ್ತನ್ನು ಬೆಸುಗೆಯ ಸಮೀಪದಲ್ಲಿಯೇ ಹಾಕಬೇಕು. ವಾಹನ ತೊಳೆಯುವಾಗ ಒತ್ತಡದ ನೀರನ್ನು ಇಸಿಯು ಮತ್ತು ವೈರಿಂಗ್ ಪ್ಲಗ್‌ಗಳ ಮೇಲೆ ಹಾಯಿಸಬಾರದು. ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಧನ-ಋಣ ತುದಿಗಳು ಅದಲುಬದಲಾಗಬಾರದು. ತಿಂಗಳಿಗೊಮ್ಮೆ ಬ್ಯಾಟರಿ ತುದಿ ಹಾಗೂ ಅರ್ತ್ ಬೋಲ್ಟುಗಳನ್ನು ನೋಡಲು ವಿಶೇಷ ಜ್ಞಾನ ಬೇಕಿಲ್ಲ.

ಮುಂದಿನ ಬಾರಿ ಇಂತಹ ವಿಷಯ ಸಭೆಗೆ ಬಂದಾಗ, ಮೇಲಿನ ಐದು ಪರೀಕ್ಷೆಗಳ ಅಳತೆಗಳನ್ನು ಬರಹದಲ್ಲಿ ಒದಗಿಸುವಂತೆ ತಾವು ಕೇಳಬೇಕೆಂದು ಕೋರುತ್ತೇನೆ. ಅಳತೆಗಳಿಲ್ಲದ ಅಂದಾಜು ಪಟ್ಟಿಯನ್ನು ಕಾರ್ಯಾಗಾರಕ್ಕೆ ಹಿಂದಿರುಗಿಸಲು ತಮಗೆ ಪೂರ್ಣ ಅಧಿಕಾರವಿದೆ. ಅದೇ ಸಭೆಗೆ ವಾಹನದ ಚಾಲಕಿಯನ್ನೂ ಕರೆದು, ವಾಹನ ಯಾವಾಗ, ಹೇಗೆ ನಿಲ್ಲುತ್ತದೆಂದು ಅವರಿಂದಲೇ ಕೇಳುವುದು ಸೂಕ್ತ.