ಕಂಬವೇರುವವನ ಮಾತು

ವಿದ್ಯುತ್ತಿನ ದರ ಏರಲಿದೆ ಎಂಬ ವಾರ್ತೆ ಬಂದಾಗ ನಾವು ಒಂದಿಷ್ಟು ಗೊಣಗಿ ಪತ್ರಿಕೆಯ ಪುಟ ಮಗುಚುತ್ತೇವೆ. ದರ ನಿಶ್ಚಯವಾಗುವ ಮುನ್ನ ಜನರ ಮಾತನ್ನು ಕೇಳಲೇಬೇಕೆಂಬ ಕಟ್ಟಳೆಯೊಂದುಂಟು ಎಂಬುದನ್ನು ಬಲ್ಲವರು ಕಡಮೆ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 64ನೆಯ ಪ್ರಕರಣದಂತೆ, ಕಂಪನಿಯ ಅರ್ಜಿ ಬಂದ 120 ದಿನಗಳೊಳಗೆ, ಸಾರ್ವಜನಿಕರ ಸಲಹೆ ಆಕ್ಷೇಪಗಳನ್ನು ಪರಿಶೀಲಿಸಿ, ನಿಯಂತ್ರಣ ಆಯೋಗವು ತನ್ನ ತೀರ್ಮಾನವನ್ನು ತಿಳಿಸಬೇಕು. ನಮ್ಮ ರಾಜ್ಯದಲ್ಲಿ ಈ ಆಯೋಗ ಸ್ಥಾಪಿತವಾದದ್ದು 1999ರಲ್ಲಿ.

ಇಂಥದೊಂದು ವಿಚಾರಣೆಯನ್ನು ಕೆಲವು ವರ್ಷಗಳ ಹಿಂದೆ ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಕಾರ್ಖಾನೆಗಳ ಪರವಾಗಿ ದಪ್ಪ ಕಡತ ಹಿಡಿದವರು ವಾದಿಸಿದರು. ಹಸಿರು ಶಾಲು ಹೊದ್ದ ರೈತ ಮುಖಂಡರು ಗುಡುಗಿದರು. ನಿವೃತ್ತರೊಬ್ಬರು ಗೃಹಬಳಕೆಯ ಲೆಕ್ಕವನ್ನು ಬಿಡಿಸಿ ಹೇಳಿದರು. ಅಲ್ಲಿ ಕೇಳಿಬರದ ದನಿಯೆಂದರೆ ಕಂಬವೇರುವವನದು. ಯಾವ ಟಿ.ಸಿ. ಬೇಸಗೆ ಬಂದೊಡನೆ ಸುಡುವುದು, ಯಾವ ತೋಟದ ತೆಂಗಿನ ಗರಿ ತಂತಿಗೆ ತಾಗುವುದು, ಎಷ್ಟು ಹಳ್ಳಿಗಳಿಗೆ ಒಬ್ಬನೇ ಓಡಬೇಕಾಗಿದೆ, ಇವೆಲ್ಲ ಅವನಿಗೆ ಅಂಗೈ ನೆಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ ಕಥೆಯಲ್ಲಿ ದಿವಾನರನ್ನೂ ಎಂಜಿನಿಯರರನ್ನೂ ಸ್ಮರಿಸುತ್ತೇವೆ, ಸರಿಯೇ. ತಂತಿಯೆಳೆದವರನ್ನು ಕೇಳುವವರು ಯಾರು?

ಶಾಸನ ಮಾತ್ರ ಅವರನ್ನು ಮರೆತಿಲ್ಲ. ಅದೇ ಅಧಿನಿಯಮದ 87ನೆಯ ಪ್ರಕರಣ ರಾಜ್ಯ ಸಲಹಾ ಸಮಿತಿಯೊಂದನ್ನು ಕಲ್ಪಿಸುತ್ತದೆ. 21ಕ್ಕೆ ಮೀರದ ಅದರ ಸದಸ್ಯರು ಯಾರ ಯಾರ ಹಿತವನ್ನು ಪ್ರತಿನಿಧಿಸಬೇಕೆಂದು ಹೇಳುವಾಗ ವಾಣಿಜ್ಯ, ಕೈಗಾರಿಕೆ, ಸಾರಿಗೆ, ಕೃಷಿಗಳ ಜೊತೆಗೆ ಕಾರ್ಮಿಕರನ್ನೂ ಹೆಸರಿಸಿದೆ. ಬಾಗಿಲು ತೆರೆದಿದೆ, ಒಳಗೆ ಹೋಗಿ ಆಡಬೇಕಾದ ಮಾತು ಯಾವುದೆಂಬುದೇ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪವರ್‌ಮ್ಯಾನ್. ಆಯೋಗಕ್ಕೆ ಕಳುಹಿಸಲು ಸಂಗಡಿಗರೊಡನೆ ಬರೆದ ಮನವಿಯನ್ನು “ಸ್ವಲ್ಪ ತಿದ್ದಿಕೊಡಿ ಸಾರ್” ಎಂದು ತಂದ. “ದಯಾಳುಗಳಾದ ತಾವು ನಮ್ಮ ಕಷ್ಟವನ್ನು ಪರಾಂಬರಿಸಿ” ಎಂದು ಅದು ಮೊದಲಾಗಿತ್ತು. ಬಿನ್ನಹವೆಂಬುದು ಭಕ್ತನು ದೇವರೆದುರು ಆಡುವ ಮಾತು, ಅಲ್ಲಿ ಅದಕ್ಕೆ ಸೊಗಸುಂಟು. ದರ ನಿರ್ಧರಿಸುವವರ ಮುಂದೆ ಅದು ನಿಲ್ಲದು. ಸಂಬಳದ ಮಾತೆತ್ತಿದರೆ, ಅದನ್ನು ನಿಮ್ಮ ಆಡಳಿತದವರೊಡನೆ ಇತ್ಯರ್ಥ ಮಾಡಿಕೊಳ್ಳಿ ಎಂದಾರು. “ಕೈಗವಸು ಕೊಡುತ್ತಿಲ್ಲ” ಎಂದು ಒಂದು ಸಾಲಿತ್ತು. ಎಷ್ಟು ಜೊತೆ, ಯಾವ ತಿಂಗಳು, ಎಷ್ಟು ಮಂದಿಗೆ ಎಂದು ಕೇಳಿದೆ. ಅವನು ಜೇಬಿನಿಂದ ಅಂಚು ಮುದುರಿದ ಸಣ್ಣ ಪುಸ್ತಕವೊಂದನ್ನು ತೆಗೆದ. ಕೈಗವಸಷ್ಟೇ ಅಲ್ಲ, ಒಂದೇ ಟಿ.ಸಿ. ಎಷ್ಟು ಸಲ ಸುಟ್ಟಿತು, ಬದಲಿ ಬರಲು ಎಷ್ಟು ದಿನ ಹಿಡಿಯಿತು, ಎಲ್ಲವೂ ತಾರೀಖಿನೊಡನೆ ಅಲ್ಲಿತ್ತು. ಮನವಿಯೆಂದರೆ ಆ ಪುಸ್ತಕವೇ! ಒಂದು ಪರಿವರ್ತಕ ಮತ್ತೆ ಮತ್ತೆ ಸುಟ್ಟರೆ ಆ ವೆಚ್ಚ ಕೊನೆಗೆ ಬಳಕೆದಾರನ ಬಿಲ್ಲಿಗೇ ಬರುತ್ತದೆ. ಕಾರ್ಮಿಕನ ಸಂಕಟವೂ ಊರಿನ ನಷ್ಟವೂ ಒಂದೇ ಎಂದು ತೋರಿಸಿಕೊಟ್ಟಲ್ಲಿ ಅವನ ಮಾತು ಸಾರ್ವಜನಿಕ ವಿಷಯವಾಗುತ್ತದೆ. ಅಲಂಕಾರಗಳನ್ನೆಲ್ಲ ತೆಗೆದುಹಾಕಿದೆವು. ಕನ್ನಡ ಮೇಷ್ಟರಿಗೆ ಇದು ಒಗ್ಗುವ ಕೆಲಸವಲ್ಲ.

ಎಲ್ಲವನ್ನೂ ಆಯೋಗದವರೆಗೆ ಒಯ್ಯಬೇಕಾಗಿಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದೆಂದು ಹೇಳಿರುವ 29 ವಿಷಯಗಳಲ್ಲಿ ಗ್ರಾಮೀಣ ವಿದ್ಯುದೀಕರಣವೂ ಒಂದು. ನನ್ನ ವಿದ್ಯಾರ್ಥಿ ಹೇಳಿದ ಸಂಗತಿಯೊಂದು ನನ್ನನ್ನು ಬಹಳ ದಿನ ಕಾಡಿತು. ಲೈನ್ ಕ್ಲಿಯರ್ ಪಡೆದು, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಿ ಆಳು ಕಂಬವೇರಿರುತ್ತಾನೆ. ಅಷ್ಟರಲ್ಲಿ ಮದುವೆಮನೆಯಲ್ಲಿ ಯಾರೋ ಜನರೇಟರ್ ಹಚ್ಚುತ್ತಾರೆ. ಊರಿನ ತಂತಿಯಿಂದ ಅದನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ವಿದ್ಯುತ್ತು ಹಿಂದಕ್ಕೆ ಹರಿಯುತ್ತದೆ. 11,000 ವೋಲ್ಟನ್ನು ಇಳಿಸಿ ಕೊಡುವ ಪರಿವರ್ತಕವೇ ಈಗ ಏರಿಸಿ ಕೊಡುತ್ತದೆ. ಸತ್ತ ತಂತಿ ಜೀವ ತಳೆದು, ಜೀವ ತೆಗೆಯುತ್ತದೆ. ತುಂಡುಗಳನ್ನು ಭೂಮಿಗೆ ಸೇರಿಸಿಡುವ ಅರ್ತಿಂಗ್ ರಾಡ್ ಇದ್ದರೆ ಉಳಿದಾನು. ಅದೂ ಎಲ್ಲ ಕಡೆ ಇರುವುದಿಲ್ಲವಂತೆ. ಕಲ್ಯಾಣಮಂಟಪಕ್ಕೆ ಅನುಮತಿ ಕೊಡುವಾಗ ಆ ಸ್ವಿಚ್ಚನ್ನು ನೋಡಿ ಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳಲು ದೊಡ್ಡ ಕಾನೂನು ಪಾಂಡಿತ್ಯವೇನೂ ಬೇಡ. ಕೇಳುವವನು ಕಂಬವೇರುವವನೇ ಆದರೆ ಸಭೆ ಕಿವಿಗೊಡುತ್ತದೆ.

ಆದರೆ ಅಂಜಿಕೆಯುಂಟು. ಸೇವಾನಿಯಮಗಳ ಹೆದರಿಕೆ ಖಾಯಂ ನೌಕರನಿಗೆ. ಗುತ್ತಿಗೆಯ ಹುಡುಗನಿಗಾದರೋ ನಾಳೆಯ ಕೂಲಿಯದೇ ಚಿಂತೆ. ಯಾವ ಅಧಿಕಾರಿಯನ್ನೂ ದೂರದೆ, ಸಂಘದ ಹೆಸರಿನಲ್ಲಿ, ಕಂಡದ್ದನ್ನಷ್ಟೇ ಬರೆಯುವುದು ಲೇಸೆಂದು ನಾನು ಹೇಳಿದೆ. ಅದೂ ಕೆಲವರಿಗೆ ಧೈರ್ಯ ಸಾಲಲಿಲ್ಲ. ಕೊನೆಗೆ ಆ ಮನವಿಗೆ ಸಂಘದವರ ಜೊತೆಗೆ ಊರಿನ ಮೂವರು ರೈತರೂ ಹಿಟ್ಟಿನ ಗಿರಣಿಯವರೂ ಸಹಿ ಹಾಕಿದರು. ಬಳಕೆದಾರನೆಂಬ ನೆಲೆಯಲ್ಲಿ, ನಮ್ಮ ಮನೆಯ ಮೀಟರಿನ ಆರ್.ಆರ್. ನಂಬರನ್ನು ಬರೆದು, ನಾನೂ ಹಾಕಿದೆ.