ಅಟೆನ್‌ಬರೋ: ಒಂದು ಹಳ್ಳಿಯಿಂದ ಹೊರಟ ಹೆಸರು

2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಎಂಬ ಸಾಕ್ಷ್ಯಚಿತ್ರ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಕರ್ನಾಟಕದ ಕಾಡು, ಕಣಿವೆ, ಕಡಲತೀರಗಳ ಜೀವಲೋಕವನ್ನು ತೋರಿಸಿದ ಆ ಚಿತ್ರದ ಇಂಗ್ಲಿಷ್ ಆವೃತ್ತಿಗೆ ದನಿ ನೀಡಿದವರು ಸರ್ ಡೇವಿಡ್ ಅಟೆನ್‌ಬರೋ. ಅದಕ್ಕೂ ಸುಮಾರು ನಾಲ್ಕು ದಶಕಗಳ ಹಿಂದೆ, 1982ರಲ್ಲಿ, ‘ಗಾಂಧಿ’ ಚಿತ್ರವನ್ನು ನಿರ್ದೇಶಿಸಿ ಭಾರತದಲ್ಲಿ ಮನೆಮಾತಾದವರು ಅವರ ಅಣ್ಣ ರಿಚರ್ಡ್ ಅಟೆನ್‌ಬರೋ. ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದ ಚಿತ್ರವದು. ಹೀಗಾಗಿ ‘ಅಟೆನ್‌ಬರೋ’ ಎಂಬುದು ನಮ್ಮ ಕಿವಿಗೆ ಹೊಸದಲ್ಲ.

ಆದರೆ ಇಂಗ್ಲೆಂಡಿನಲ್ಲೇ ಇದು ವಿರಳವಾದ ಹೆಸರು. ಬ್ರಿಟನ್ನಿನಲ್ಲಿ ‘ಸ್ಮಿತ್’ ಎಂಬ ಮನೆತನದ ಹೆಸರಿನವರು ಐದು ಲಕ್ಷಕ್ಕೂ ಹೆಚ್ಚು. ಇಬ್ಬರು ಸ್ಮಿತ್‌ಗಳು ರೈಲಿನಲ್ಲಿ ಎದುರುಬದುರು ಕುಳಿತರೆ ‘ನೀವು ನಮ್ಮ ಸಂಬಂಧಿಕರೇ?’ ಎಂದು ಕೇಳುವುದಿಲ್ಲ. ಇಬ್ಬರು ಅಪರಿಚಿತ ಅಟೆನ್‌ಬರೋಗಳು ಭೇಟಿಯಾದರೆ? ಅವರು ಖಂಡಿತ ಆ ಪ್ರಶ್ನೆ ಕೇಳಬಹುದು. ಅದಕ್ಕೆ ಉತ್ತರ ಹುಡುಕಲು ಭಾಷಾ ಇತಿಹಾಸ, ನಕಾಶೆ ಮತ್ತು ಡಿಎನ್‌ಎ ಪ್ರಯೋಗಾಲಯ ಮೂರೂ ಬೇಕಾದವು. ಹೆಸರು ಒಂದೇ ಆದರೆ ರಕ್ತವೂ ಒಂದೆಯೇ ಎಂಬ ಹಳೆಯ ಪ್ರಶ್ನೆ ಇದರೊಳಗಿದೆ.

ಒಂದೇ ಹೆಸರಿನ ಕಾಲ

ಇಂಗ್ಲೆಂಡಿನಲ್ಲಿ ಎಲ್ಲರಿಗೂ ಮನೆತನದ ಹೆಸರು ಮೊದಲಿನಿಂದಲೂ ಇತ್ತೆಂದು ತಿಳಿಯುವುದು ತಪ್ಪು. 1066ರಲ್ಲಿ ನಾರ್ಮನ್ನರು ಬಂದು ಆ ದೇಶವನ್ನು ಗೆದ್ದುಕೊಳ್ಳುವವರೆಗೆ ಸಾಮಾನ್ಯ ಜನಕ್ಕೆ ಇದ್ದುದು ಒಂದೇ ಹೆಸರು. ಗೆದ್ದ ಸರದಾರರಲ್ಲಿ ಹಲವರು ತಮ್ಮ ಜಹಗೀರಿನ ಊರಿನ ಹೆಸರನ್ನು ಸೇರಿಸಿಕೊಂಡು, ಆಸ್ತಿಯೊಡನೆ ಅದನ್ನೂ ಮಕ್ಕಳಿಗೆ ದಾಟಿಸತೊಡಗಿದರು. ಈ ರೂಢಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು. ಹದಿಮೂರು ಮತ್ತು ಹದಿನಾಲ್ಕನೆಯ ಶತಮಾನಗಳಲ್ಲಿ ದಕ್ಷಿಣ ಹಾಗೂ ಮಧ್ಯ ಇಂಗ್ಲೆಂಡಿನ ರೈತರು, ಕುಶಲಕರ್ಮಿಗಳ ನಡುವೆಯೂ ವಂಶಪಾರಂಪರ್ಯದ ಹೆಸರು ನೆಲೆಯೂರಿತು. ಉತ್ತರದ ಭಾಗಗಳಲ್ಲಿ ಇದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು.

ಈ ಹೆಸರುಗಳನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ತಂದೆಯ ಹೆಸರಿನಿಂದ ಬಂದವು ಮೊದಲನೆಯವು. ಜಾನ್‌ನ ಮಗ ಜಾನ್ಸನ್. ಕಸುಬಿನಿಂದ ಬಂದವು ಎರಡನೆಯವು. ಕಮ್ಮಾರ ಸ್ಮಿತ್, ದರ್ಜಿ ಟೇಲರ್. ಇದು ಇಂಗ್ಲಿಷರಿಗಷ್ಟೇ ಸೀಮಿತವಲ್ಲ. ತಮ್ಮ ಮನೆತನದವರು ಮೂಲತಃ ಕಿರಾಣಿ ವ್ಯಾಪಾರಿಗಳಾಗಿದ್ದಂತೆ ತೋರುತ್ತದೆಂದು ಗಾಂಧೀಜಿಯವರೇ ಆತ್ಮಕಥೆಯ ಆರಂಭದಲ್ಲಿ ಹೇಳಿಕೊಂಡಿದ್ದಾರೆ. ಮೂರನೆಯವು ರೂಪ, ಬಣ್ಣ, ಸ್ವಭಾವ ನೋಡಿ ಊರವರು ಇಟ್ಟ ಅಡ್ಡಹೆಸರುಗಳು. ನಾಲ್ಕನೆಯವು ಸ್ಥಳದಿಂದ ಬಂದವು. ಅಟೆನ್‌ಬರೋ ಸೇರುವುದು ಈ ನಾಲ್ಕನೆಯ ಗುಂಪಿಗೆ. ಆದರೆ ಯಾವ ಸ್ಥಳ?

ಎರಡು ದಾರಿ

ಈ ಹೆಸರಿನ ಹುಟ್ಟಿಗೆ ಎರಡು ವಿವರಣೆಗಳಿವೆ. ಮೊದಲನೆಯದು ಸಾಮಾನ್ಯ ಅರ್ಥದ್ದು. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಅಟೆನ್’ ಎಂದರೆ ‘ಅದರ ಬಳಿ’. ‘ಬರೋ’ ಎಂಬುದರ ಮೂಲ ಹಳೆಯ ಇಂಗ್ಲಿಷಿನ ‘ಬುರ್ಹ್’, ಅಂದರೆ ಕೋಟೆ ಅಥವಾ ಭದ್ರಪಡಿಸಿದ ನೆಲೆ. ನಮ್ಮ ಊರುಗಳ ಹೆಸರಿನಲ್ಲಿ ಬರುವ ‘ದುರ್ಗ’ದಂತೆ. ಎರಡನ್ನೂ ಕೂಡಿಸಿದರೆ ‘ಕೋಟೆ ಬಳಿಯವನು’ ಎಂದಾಗುತ್ತದೆ. ಇಂಥ ಹೆಸರುಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಆ್ಯಶ್ ಮರದ ಬಳಿ ವಾಸಿಸುತ್ತಿದ್ದವನು ‘ಅಟೆನ್ ಆ್ಯಶ್’. ಬಾಯಿಂದ ಬಾಯಿಗೆ ಸವೆದು ‘ಅಟೆನ್’ನ ಕೊನೆಯ ‘ನ’ಕಾರ ಮಾತ್ರ ಉಳಿದು ಅದು ‘ನ್ಯಾಶ್’ ಆಯಿತು. ಓಕ್ ಮರಗಳ ಬಳಿಯವನು ಇದೇ ರೀತಿ ‘ನೋಕ್ಸ್’ ಆದ.

ಎರಡನೆಯ ವಿವರಣೆ ಒಂದು ನಿರ್ದಿಷ್ಟ ಊರನ್ನು ತೋರಿಸುತ್ತದೆ. ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿಯ ಉತ್ತರ ದಡದಲ್ಲಿ, ಡರ್ಬಿಷೈರಿನ ಗಡಿಗೆ ಹತ್ತಿರವಾಗಿ ಅಟೆನ್‌ಬರೋ ಎಂಬ ಪುಟ್ಟ ಊರಿದೆ. ‘ಆಡ್ಡ’ ಎಂಬಂಥ ಹೆಸರಿನ ಯಾವನೋ ಒಬ್ಬ ಆಂಗ್ಲೋ-ಸ್ಯಾಕ್ಸನ್ ಯಜಮಾನನ ಕೋಟೆ ಎಂಬುದು ಊರ ಹೆಸರಿನ ಅರ್ಥ ಎನ್ನುತ್ತಾರೆ ಸ್ಥಳನಾಮ ತಜ್ಞರು. ಅಂದರೆ ಈ ಊರ ಹೆಸರಿಗೂ ‘ಬಳಿ’ ಎನ್ನುವ ‘ಅಟೆನ್’ಗೂ ಸಂಬಂಧವಿಲ್ಲ, ಉಚ್ಚಾರ ಮಾತ್ರ ಒಂದೇ ಆಗಿಹೋಗಿದೆ. ಮೊದಲನೇ ಚಾರ್ಲ್ಸ್ ದೊರೆಗೆ ಮರಣದಂಡನೆ ವಿಧಿಸಿದವರಲ್ಲಿ ಒಬ್ಬನೂ ಆಲಿವರ್ ಕ್ರಾಮ್‌ವೆಲ್‌ನ ಅಳಿಯನೂ ಆದ ಹೆನ್ರಿ ಐರ್ಟನ್ 1611ರಲ್ಲಿ ಹುಟ್ಟಿದ್ದು ಇಲ್ಲಿಯೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಊರಿನಿಂದ ಬರುವ ಮನೆತನದ ಹೆಸರು ಸಾಮಾನ್ಯವಾಗಿ ಆ ಊರಿನೊಳಗೆ ಹುಟ್ಟುವುದಿಲ್ಲ. ಅಟೆನ್‌ಬರೋದಲ್ಲಿ ಇದ್ದವರೆಲ್ಲರೂ ಅಟೆನ್‌ಬರೋದವರೇ. ಒಬ್ಬನನ್ನು ಗುರುತಿಸಲು ಆ ಹೆಸರು ಉಪಯೋಗವಿಲ್ಲ. ಅವನು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಊರಿಗೆ ಹೋದಾಗಲೇ ಅಲ್ಲಿನವರು ಅವನನ್ನು ‘ಅಟೆನ್‌ಬರೋದವನು’ ಎನ್ನುವುದು. ಬಾದಾಮಿ, ಹಾನಗಲ್ ಎಂಬ ಅಡ್ಡಹೆಸರುಗಳನ್ನು ಬಲ್ಲ ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಹೆಸರು ಊರು ಬಿಟ್ಟವನ ಗುರುತು.

ನಕಾಶೆ ಹೇಳಿದ್ದು

ಎರಡು ವಿವರಣೆಗಳಲ್ಲಿ ಯಾವುದು ಸರಿ ಎಂದು ತೂಗಿ ನೋಡಲು ಒಂದು ಸರಳ ಉಪಾಯವಿದೆ. ‘ಕೋಟೆ ಬಳಿಯವನು’ ಎಂಬುದೇ ಮೂಲವಾಗಿದ್ದರೆ, ಕೋಟೆಗಳಿದ್ದ ಕಡೆಯೆಲ್ಲ ಈ ಹೆಸರು ಹುಟ್ಟಿ ದೇಶದ ತುಂಬ ಚದುರಿರಬೇಕು. ಒಂದೇ ಊರಿನಿಂದ ಬಂದಿದ್ದರೆ ಆ ಊರಿನ ಸುತ್ತ ದಟ್ಟವಾಗಿ, ದೂರ ಹೋದಂತೆ ತೆಳುವಾಗಿ ಕಾಣಬೇಕು.

ಇಂಥ ಹುಡುಕಾಟಕ್ಕೆ ಇಂಗ್ಲೆಂಡಿನಲ್ಲಿ ದಾಖಲೆಗಳ ಕೊರತೆಯಿಲ್ಲ. 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳಿವೆ. 1538ರಿಂದ ಪ್ರತಿ ಚರ್ಚೂ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಆಜ್ಞೆಯಾಯಿತು. 1837ರಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಆರಂಭವಾಯಿತು. 1890ರಲ್ಲಿ ಹೆನ್ರಿ ಗಪ್ಪಿ ಎಂಬಾತ ಬ್ರಿಟನ್ನಿನ ಮನೆತನದ ಹೆಸರುಗಳ ತವರು ಯಾವುದೆಂದು ಗುರುತಿಸುವ ಗ್ರಂಥ ಪ್ರಕಟಿಸಿದ. ಅವನು ಲೆಕ್ಕಕ್ಕೆ ತೆಗೆದುಕೊಂಡದ್ದು ರೈತರನ್ನು ಮಾತ್ರ. ನೆಲಕ್ಕೆ ಅಂಟಿಕೊಂಡು ಒಂದೇ ಕಡೆ ಉಳಿಯುವವರು ರೈತರು ಎಂಬುದು ಅವನ ತರ್ಕ. ಇತ್ತೀಚಿನ ಸಂಶೋಧಕರು 1881ರ ಜನಗಣತಿಯನ್ನು ಕಂಪ್ಯೂಟರಿಗೆ ಹಾಕಿ ಹೆಸರುಗಳ ನಕಾಶೆ ಬರೆದರು. ರೈಲು, ಕಾರ್ಖಾನೆಗಳು ಬಂದ ಮೇಲೂ ಬಹುಪಾಲು ವಿರಳ ಹೆಸರುಗಳು ತವರಿನ ಸುತ್ತಮುತ್ತಲೇ ಇದ್ದವೆಂಬುದು ಇದರಿಂದ ಸ್ಪಷ್ಟವಾಯಿತು.

ಅಟೆನ್‌ಬರೋ ವಿಷಯದಲ್ಲೂ ಆದದ್ದು ಇದೇ. ಹೆಸರು ದಟ್ಟವಾಗಿರುವುದು ನಾಟಿಂಗ್‌ಹ್ಯಾಮ್‌ಷೈರ್ ಮತ್ತು ಪಕ್ಕದ ಡರ್ಬಿಷೈರ್‌ಗಳಲ್ಲಿ, ಅಂದರೆ ಆ ಪುಟ್ಟ ಊರಿನ ಸುತ್ತ. ಅಲ್ಲಿಂದ ಹೊರಟ ಕೆಲವರು ಲಂಡನ್ ಸೇರಿದರು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಅಟೆನ್‌ಬರೋ ಎಂದರೆ ಪ್ರಸಿದ್ಧ ಗಿರವಿ ಅಂಗಡಿಗಳ ಹೆಸರು. ಡೇವಿಡ್ ಮತ್ತು ರಿಚರ್ಡ್ ಅವರ ತಂದೆ ಫ್ರೆಡರಿಕ್ ಬೆಳೆದು ಓದಿದ್ದು ಸ್ಟೇಪಲ್‌ಫರ್ಡ್, ಲಾಂಗ್ ಈಟನ್‌ಗಳ ಸೀಮೆಯಲ್ಲಿ. ಇವೆರಡೂ ಅಟೆನ್‌ಬರೋ ಊರಿಗೆ ಕೂಗಳತೆಯಲ್ಲಿವೆ ಎನ್ನಬಹುದು. ಅಂದರೆ ಐದಾರು ಶತಮಾನ ಕಳೆದರೂ ಹೆಸರು ತವರಿನಿಂದ ಬಹುದೂರ ಹೋಗಿರಲಿಲ್ಲ.

ಮಗನಿಗೆ ಎರಡು ಬಳುವಳಿ

ನಕಾಶೆ ಊರನ್ನು ತೋರಿಸಿತು. ಆದರೆ ಒಂದೇ ಊರಿನಿಂದ ಬೇರೆ ಬೇರೆ ಮನೆಯ ಹತ್ತು ಮಂದಿ ಹೊರಟು, ಹತ್ತು ಮಂದಿಗೂ ಇದೇ ಹೆಸರು ಬಿದ್ದಿರಬಹುದಲ್ಲ? ಇದನ್ನು ಕಾಗದಪತ್ರಗಳು ಹೇಳಲಾರವು. ಉತ್ತರ ಬಂದದ್ದು ಲೆಸ್ಟರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚು ವಿಧಾನವನ್ನು ಕಂಡುಹಿಡಿದದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಅದು ವಿಶ್ವವಿದ್ಯಾಲಯವಾಗುವ ಮೊದಲು ಕಾಲೇಜಾಗಿದ್ದಾಗ, 1932ರಿಂದ 1951ರವರೆಗೆ ಪ್ರಾಂಶುಪಾಲರಾಗಿದ್ದವರು ಇದೇ ಫ್ರೆಡರಿಕ್ ಅಟೆನ್‌ಬರೋ ಎಂಬುದು ಕಾಕತಾಳೀಯ.

ಇಂಗ್ಲೆಂಡಿನ ರೂಢಿಯಲ್ಲಿ ತಂದೆಯಿಂದ ಮಗನಿಗೆ ಎರಡು ಬಳುವಳಿಗಳು ಒಟ್ಟಿಗೆ ಇಳಿಯುತ್ತವೆ. ಒಂದು ಮನೆತನದ ಹೆಸರು. ಇನ್ನೊಂದು ಗಂಡಸರಲ್ಲಿ ಮಾತ್ರ ಇರುವ ‘ವೈ’ ವರ್ಣತಂತು. ಈ ವರ್ಣತಂತು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುಕಡಿಮೆ ಬದಲಾಗದೆ ಸಾಗುತ್ತದೆ. ಆದ್ದರಿಂದ ಒಂದೇ ಹೆಸರಿನ ಗಂಡಸರಲ್ಲಿ ಒಂದೇ ಬಗೆಯ ವರ್ಣತಂತು ಕಂಡರೆ ಅವರಿಗೆ ಒಬ್ಬ ಸಮಾನ ಪೂರ್ವಜನಿದ್ದನೆಂದು ತಿಳಿಯಬಹುದು.

ಲೆಸ್ಟರಿನ ಟೂರಿ ಕಿಂಗ್, ಮಾರ್ಕ್ ಜಾಬ್ಲಿಂಗ್ ಮತ್ತು ಸಂಗಡಿಗರು 2006ರಲ್ಲಿ ಒಂದೇ ಹೆಸರಿನ ಅಪರಿಚಿತರ 150 ಜೋಡಿಗಳನ್ನು ಪರೀಕ್ಷಿಸಿದರು. ಶೇ 24ರಷ್ಟು ಜೋಡಿಗಳಲ್ಲಿ ರಕ್ತಸಂಬಂಧದ ಗುರುತು ಕಂಡಿತು. ವಿರಳ ಹೆಸರುಗಳನ್ನಷ್ಟೇ ತೆಗೆದುಕೊಂಡರೆ ಈ ಪ್ರಮಾಣ ಅರ್ಧದ ಹತ್ತಿರಕ್ಕೆ ಏರಿತು. 2009ರಲ್ಲಿ ಕಿಂಗ್ ಮತ್ತು ಜಾಬ್ಲಿಂಗ್ 40 ಹೆಸರುಗಳ 1,678 ಗಂಡಸರ ಅಧ್ಯಯನ ಪ್ರಕಟಿಸಿದರು. ಸ್ಮಿತ್‌ಗಳ ನಡುವಿನ ಸಂಬಂಧ ದಾರಿಹೋಕರ ನಡುವಿನ ಸಂಬಂಧಕ್ಕಿಂತ ಹೆಚ್ಚೇನಿರಲಿಲ್ಲ. ಪ್ರತಿ ಹಳ್ಳಿಗೂ ಒಬ್ಬ ಕಮ್ಮಾರನಿದ್ದ ಮೇಲೆ ಇದು ಸಹಜವೇ. ಆದರೆ ಅಟೆನ್‌ಬರೋಗಳ ಪೈಕಿ ಶೇ 70ಕ್ಕೂ ಹೆಚ್ಚು ಮಂದಿಯ ವರ್ಣತಂತು ಒಂದೇ ಬಗೆಯದು. ರೈಲಿನಲ್ಲಿ ಭೇಟಿಯಾದ ಇಬ್ಬರು ಅಟೆನ್‌ಬರೋಗಳು ದೂರದ ದಾಯಾದಿಗಳಾಗಿರುವ ಸಂಭವವೇ ಹೆಚ್ಚು.

ಅಳಿದ ಕೊಂಬೆಗಳು

ಹಾಗಾದರೆ ಮಧ್ಯಯುಗದಲ್ಲಿ ಈ ಹೆಸರು ಹೊತ್ತವನು ಒಬ್ಬನೇ ಒಬ್ಬನೇ? ಹಾಗೆಂದು ಹೇಳಲು ಬರುವುದಿಲ್ಲ. ಈ ಒಗಟಿನ ಅರ್ಧ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲೇ ದೊರೆತಿತ್ತು. ಪ್ರತಿಷ್ಠಿತ ಮನೆತನಗಳ ಹೆಸರುಗಳು ಒಂದೊಂದಾಗಿ ಅಳಿದುಹೋಗುವುದೇಕೆ ಎಂದು 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಪ್ರಶ್ನೆ ಎತ್ತಿದ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದಕ್ಕೆ ಗಣಿತದ ಲೆಕ್ಕ ಕಟ್ಟಿಕೊಟ್ಟ. ಕೆಲವರಿಗೆ ಮಕ್ಕಳಿರುವುದಿಲ್ಲ, ಕೆಲವರಿಗೆ ಹೆಣ್ಣುಮಕ್ಕಳು ಮಾತ್ರ. ತಂದೆಯಿಂದ ಮಗನಿಗೆ ಸಾಗುವ ಹೆಸರು ಆ ಮನೆಗೆ ನಿಂತಿತು. ಯಾರ ತಪ್ಪೂ ಇಲ್ಲದೆ, ಕೇವಲ ಆಕಸ್ಮಿಕದಿಂದ, ಒಂದೊಂದೇ ಕೊಂಬೆ ಒಣಗುತ್ತ ಹೋಗುತ್ತದೆ. ಇದರ ಮೇಲೆ 1348-49ರ ಪ್ಲೇಗಿನಂಥ ಮಾರಿ ಇಂಗ್ಲೆಂಡಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಆದ್ದರಿಂದ ಮೊದಲಿಗೆ ಹಲವು ಅಟೆನ್‌ಬರೋಗಳಿದ್ದು, ಅವರಲ್ಲಿ ಒಬ್ಬನ ವಂಶ ಮಾತ್ರ ಹಬ್ಬಿ ಉಳಿದಿರಬಹುದು. ಇಂದು ಕಾಣುವ ‘ಮೂಲಪುರುಷ’ ಏಕೈಕನಾಗಿರದೆ, ಅದೃಷ್ಟವಂತನಾಗಿದ್ದಿರಬಹುದು.

ಬೇರೆ ವರ್ಣತಂತು ಇರುವ ಉಳಿದ ಅಟೆನ್‌ಬರೋಗಳ ಮಾತೇನು? ಅವರು ಬೇರೊಬ್ಬ ಮೂಲಪುರುಷನ ವಂಶದವರಿರಬಹುದು. ದತ್ತು ಬಂದವರು, ಮಲತಂದೆಯ ಹೆಸರು ಪಡೆದವರು, ತಾಯಿಯ ಮನೆತನದ ಹೆಸರು ಉಳಿಸಿಕೊಂಡವರು, ಮದುವೆಯ ಹೊರಗೆ ಹುಟ್ಟಿದವರು ಇವರ ವಂಶಜರೂ ಇರಬಹುದು. ಇಂಥ ಕವಲು ತಲೆಮಾರಿಗೆ ಶೇ 5ಕ್ಕಿಂತ ಕಡಿಮೆ ಎಂಬುದು ಲೆಸ್ಟರಿನವರ ಅಂದಾಜು. ಕಡಿಮೆಯೇನೋ ಹೌದು, ಆದರೆ ಇಪ್ಪತ್ತು ತಲೆಮಾರು ಕೂಡಿದರೆ ಅದೂ ದೊಡ್ಡದಾಗುತ್ತದೆ. ಅರಮನೆಯೂ ಇದಕ್ಕೆ ಹೊರತಲ್ಲ. 2012ರಲ್ಲಿ ಲೆಸ್ಟರಿನ ಕಾರು ನಿಲ್ದಾಣದ ಅಡಿಯಲ್ಲಿ ಮೂರನೇ ರಿಚರ್ಡ್ ದೊರೆಯ ಅಸ್ಥಿಪಂಜರ ಸಿಕ್ಕಿತು. ಟೂರಿ ಕಿಂಗ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತಾಯಿಯ ಕಡೆಯ ಡಿಎನ್‌ಎ ತಾಳೆಯಾಯಿತು. ಗಂಡುಸಂತತಿಯವರೆಂದು ವಂಶಾವಳಿ ಹೇಳುತ್ತಿದ್ದವರ ವೈ ವರ್ಣತಂತು ತಾಳೆಯಾಗಲಿಲ್ಲ. ನಡುವೆ ಎಲ್ಲೋ ಒಂದು ಕೊಂಡಿ ಕಳಚಿತ್ತು.

ಹೆಸರಿಗೆ ದಕ್ಕದ್ದು

ಇಷ್ಟಾದ ಮೇಲೂ ಹೆಸರು ಹೇಳುವುದು ಒಂದೇ ದಾರಿಯ ಕಥೆ. ಪ್ರತಿಯೊಬ್ಬರಿಗೂ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ-ಅಜ್ಜಿಯರು. ಹತ್ತು ತಲೆಮಾರು ಹಿಂದೆ ಹೋದರೆ ಪೂರ್ವಜರ ಸ್ಥಾನ 1,024. ಇಪ್ಪತ್ತು ತಲೆಮಾರಿಗೆ ಹತ್ತು ಲಕ್ಷ ದಾಟುತ್ತದೆ. ಅಷ್ಟು ಜನರಲ್ಲಿ ಮನೆತನದ ಹೆಸರು ಹಿಡಿದಿಡುವುದು ಒಬ್ಬನನ್ನು ಮಾತ್ರ. ಮದುವೆಯೊಡನೆ ಹೆಸರು ಕಳೆದುಕೊಂಡ ತಾಯಂದಿರು ಯಾರೂ ಅದರಲ್ಲಿಲ್ಲ. ಹೆಸರನ್ನು ಕುಲದ ಪ್ರಮಾಣಪತ್ರವೆಂದು ಬೀಗುವವರು ನೆನಪಿಡಬೇಕಾದ ಲೆಕ್ಕವಿದು.

ಅಟೆನ್‌ಬರೋ ಊರು ಈಗಲೂ ಟ್ರೆಂಟ್ ದಡದಲ್ಲಿದೆ. ಜಲ್ಲಿ ತೆಗೆದು ಬಿಟ್ಟ ಹಳ್ಳಗಳಲ್ಲಿ ನೀರು ತುಂಬಿ, ಹಕ್ಕಿಗಳು ಬಂದು ಸೇರಿದ್ದರಿಂದ ಅಲ್ಲೊಂದು ಪಕ್ಷಿಧಾಮ ರೂಪುಗೊಂಡಿತು. 1966ರಲ್ಲಿ ಅದನ್ನು ಉದ್ಘಾಟಿಸಿದವರು ಡೇವಿಡ್ ಅಟೆನ್‌ಬರೋ. ಊರು ಬಿಟ್ಟವನ ಹೆಸರು ಶತಮಾನಗಳ ನಂತರ ಊರಿಗೆ ಮರಳಿ ಬಂದಂತಾಯಿತು.

ಆ ಮನೆಯದೇ ಇನ್ನೊಂದು ಸಂಗತಿಯಿದೆ. 1939ರಲ್ಲಿ ನಾಜಿಗಳ ಕಾಟಕ್ಕೆ ಸಿಕ್ಕ ಜರ್ಮನಿಯಿಂದ ಇಬ್ಬರು ಯಹೂದಿ ಅಕ್ಕತಂಗಿಯರು ಇಂಗ್ಲೆಂಡಿಗೆ ಬಂದರು. ಫ್ರೆಡರಿಕ್ ಮತ್ತು ಅವರ ಪತ್ನಿ ಮೇರಿ ಆ ಬಾಲಕಿಯರನ್ನು ಮನೆಗೆ ಸೇರಿಸಿಕೊಂಡು, ಯುದ್ಧ ಮುಗಿಯುವವರೆಗೂ ತಮ್ಮ ಮೂವರು ಗಂಡುಮಕ್ಕಳ ಜೊತೆ ಸ್ವಂತ ಮಕ್ಕಳಂತೆ ಸಾಕಿದರು. ಹುಡುಗರು ಅವರನ್ನು ಸೋದರಿಯರೆಂದೇ ಎಣಿಸಿದರು. ಆ ಬಾಲಕಿಯರ ಹೆಸರು ಅಟೆನ್‌ಬರೋ ಆಗಿರಲಿಲ್ಲ. ಯಾವ ವರ್ಣತಂತುವಿನಲ್ಲೂ ಆ ನಂಟು ಕಾಣಸಿಗುವುದಿಲ್ಲ. ಆದರೂ ಆ ವರ್ಷಗಳಲ್ಲಿ ಲೆಸ್ಟರಿನ ಆ ಮನೆಯಲ್ಲಿದ್ದ ಮಕ್ಕಳು ಮೂವರಲ್ಲ, ಐವರು.